ಆ ಐದು ರೂಪಾಯಿ ಯಾವ ಪಾಸ್‌ಬುಕ್ಕಿಗೆ ಬಿತ್ತು?

ಗುಬ್ಬಿ ತಾಲ್ಲೂಕಿನ ಯಾವುದೇ ಊರಿನ ಡೇರಿ ಮುಂದೆ ಬೆಳಗ್ಗೆ ಹೋಗಿ ನಿಂತ್ಕೊಳ್ಳಿ. ಕ್ಯಾನು, ಬಕೆಟ್ಟು ಹಿಡ್ಕೊಂಡು ಸಾಲು ನಿಂತಿರುತ್ತೆ. ಹಾಲು ಸುರಿದ್ರು, ಮಿಷಿನ್ನು ತೂಕ ತೋರಿಸ್ತು, ಒಂದು ಚೂರು ಸ್ಯಾಂಪಲ್ ಹೋಯ್ತು, ಫ್ಯಾಟು, ಎಸ್‌ಎನ್‌ಎಫ್ಫು ಅಂತ ಗುಣಮಟ್ಟದ ಲೆಕ್ಕ ಬಂತು, ಕೈಗೊಂದು ಚೀಟಿ ಬಂತು. ಆ ಚೀಟಿಯ ರೇಟಿನಲ್ಲಿ ಸೇರದೇ ಇರೋ ದುಡ್ಡೊಂದಿದೆ. ಅದೇ ಪ್ರೋತ್ಸಾಹಧನ, ಊರವರ ಬಾಯಲ್ಲಿ ಸಬ್ಸಿಡಿ.

ಹಾಲಿನ ದುಡ್ಡು, ಅಂದ್ರೆ ಬಟವಾಡೆ, ಬರೋದು ಮಲ್ಲಸಂದ್ರದ ತುಮುಲ್‌ನಿಂದ, ಅಂದ್ರೆ ತುಮಕೂರು ಹಾಲು ಒಕ್ಕೂಟದಿಂದ. ಪ್ಯಾಕೆಟ್ ಮಾರಿದ ದುಡ್ಡು ಅದು, ಹಾಲಿನ ಗುಣಮಟ್ಟ ನೋಡಿ ಕೊಡ್ತಾರೆ. ಸಬ್ಸಿಡಿ ಬರೋದು ಸರ್ಕಾರದ ಖಜಾನೆಯಿಂದ. ಊರಿನ ಹಾಲಿನ ಸಂಘ ಲೀಟರ್ ಲೆಕ್ಕ ಬರೆದು ಒಕ್ಕೂಟಕ್ಕೆ ಕೊಡುತ್ತೆ, ಅಲ್ಲಿಂದ ಪಟ್ಟಿ ಪಶುಪಾಲನಾ ಇಲಾಖೆಗೆ ಹೋಗುತ್ತೆ, ಹಣ ಬಿಡುಗಡೆ ಆದ್ಮೇಲೆ ನೇರ ರೈತರ ಖಾತೆಗೆ ಬೀಳುತ್ತೆ. ತಿಂಗಳುಗಟ್ಟಲೆ ತಡ ಆಗೋದು ಈ ದುಡ್ಡೇ. ಬೈಗುಳ ಮಾತ್ರ ಸಂಘದ ಕಾರ್ಯದರ್ಶಿಗೆ, ಪಾಪ.

ಈ ಸಬ್ಸಿಡಿ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಯ್ತು. 2013ರಲ್ಲಿ 4, 2016ರಲ್ಲಿ 5. 2023ರ ಚುನಾವಣೆಯಲ್ಲಿ ಕಾಂಗ್ರೆಸ್ಸು 7 ಮಾಡ್ತೀವಿ ಅಂತ ಪ್ರಣಾಳಿಕೆಯಲ್ಲಿ ಬರೀತು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಜಾಸ್ತಿ ಆಯ್ತಲ್ಲ, ಅದು ಸಬ್ಸಿಡಿ ಅಲ್ಲ, ನಂದಿನಿ ಹಾಲಿನ ದರ. ಗಿರಾಕಿ ಜೇಬಿನಿಂದ ಬಂದಿದ್ದು. ನನ್ನ ಕೇಳಿದ್ರೆ, ಸಬ್ಸಿಡಿ ಇರೋದ್ರಿಂದ ಬೆಂಗಳೂರಿನ ಕಾಫಿಗೂ ಲಾಭ ಇದೆ. ಆ 5 ರೂಪಾಯಿನ ಖಜಾನೆ ಕೊಡದೇ ಹೋಗಿದ್ರೆ ಪ್ಯಾಕೆಟ್ಟಿನ ಮೇಲೇ ಬೀಳ್ತಿತ್ತು.

5 ರೂಪಾಯಿ ಲೆಕ್ಕದಲ್ಲಿ, ದಿನಕ್ಕೆ 10 ಲೀಟರ್ ಹಾಕೋ ಮನೆಗೆ ತಿಂಗಳಿಗೆ 1,500 ರೂಪಾಯಿ. ದೊಡ್ಡ ಗಂಟೇನಲ್ಲ, ಆದ್ರೆ ಬೂಸಾ ಅಂಗಡಿ ಸಾಲ ತೀರೋದು ಅದರಲ್ಲೇ. ಒಂದು ವಿಷಯ ಗಮನದಲ್ಲಿಟ್ಕೊಳ್ಳಿ: ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ ಇದು. ಖಾಸಗಿ ಡೇರಿಯವರಿಗೆ, ಹೋಟೆಲಿಗೆ ಕೊಟ್ಟ ಹಾಲು ಲೆಕ್ಕಕ್ಕಿಲ್ಲ.

ಈಗ ಅಸಲಿ ತೊಡಕಿಗೆ ಬರ್ತೀನಿ. ‘ನನಗೆ ಬಂದೇ ಇಲ್ಲ’ ಅನ್ನೋರಲ್ಲಿ ಸುಮಾರು ಜನಕ್ಕೆ ಬಂದಿರುತ್ತೆ, ಬೇರೆ ಪಾಸ್‌ಬುಕ್ಕಿಗೆ! ಸಬ್ಸಿಡಿ ಹೋಗೋದು ಆಧಾರ್ ನಂಬರಿನ ಮೇಲೆ. ನೀವು ಸಂಘದಲ್ಲಿ ಬರೆಸಿದ ಖಾತೆ ಯಾವುದಾದ್ರೂ ಇರಲಿ, ಆಧಾರ್ ಮೂಲಕ ಬರೋ ಹಣಕ್ಕೆ ಕೊನೆಗೆ ಯಾವ ಬ್ಯಾಂಕನ್ನ ಜೋಡಿಸಿದ್ರೋ ಅಲ್ಲಿಗೇ ಅದು ಹೋಗಿ ಕೂರುತ್ತೆ. ಯಾವತ್ತೋ ಚಿನ್ನದ ಸಾಲಕ್ಕೆ ತೆರೆದು, ಪಾಸ್‌ಬುಕ್ಕು ಟ್ರಂಕಿನ ತಳ ಸೇರಿರೋ ಖಾತೆ ಇರುತ್ತಲ್ಲ, ಅದೂ ಆಗಿರಬಹುದು.

ಇನ್ನೊಂದು, ಸಗಣಿ ಬಾಚಿ ಹಾಲು ಕರೆಯೋಳು ಮನೆಯಾಕೆ, ಸಂಘದ ಸದಸ್ಯತ್ವ ಯಜಮಾನನ ಹೆಸರಲ್ಲಿ. ದುಡ್ಡು ಬಿದ್ದ ಮೆಸೇಜು ಅವನ ಫೋನಿಗೆ. ಆಕೆ ಕೇಳಿದ್ರೆ ‘ಇನ್ನೂ ಬಂದಿಲ್ಲ’.

ಅದಕ್ಕೇ ಫೋನಿಗೆ ‘ಡಿಬಿಟಿ ಕರ್ನಾಟಕ’ ಆ್ಯಪ್ ಹಾಕ್ಕೊಳ್ಳಿ. ಆಧಾರ್ ನಂಬರ್ ಕೊಟ್ಟು, ಒಟಿಪಿ ಹಾಕಿದ್ರೆ ಯಾವ ಯೋಜನೆ ದುಡ್ಡು ಎಷ್ಟು ಬಂತು ಅಂತ ತೋರಿಸುತ್ತೆ. ಹಾಲಿನ ಸದಸ್ಯತ್ವ ಯಾರ ಹೆಸರಲ್ಲಿದೆಯೋ ಅವರದೇ ಆಧಾರ್ ಹಾಕ್ಬೇಕು. ಯಜಮಾನ್ರ ಹೆಸರಲ್ಲಿದ್ರೆ, ಅಕ್ಕಾ, ಅವರನ್ನ ಪಕ್ಕದಲ್ಲೇ ಕೂರಿಸ್ಕೊಂಡು ನೋಡಿ.