ರಾಗಿ ಹೊಲಕ್ಕೆ ಕುರಿಮಂದೆ

ಐಸ್‌ಲ್ಯಾಂಡಿನ ರೈತರು ಸೆಪ್ಟೆಂಬರ್ ಬಂತೆಂದರೆ ಕುದುರೆ ಏರಿ ಬೆಟ್ಟಕ್ಕೆ ಹೊರಡುತ್ತಾರೆ. ಬೇಸಿಗೆಯೆಲ್ಲ ಮೇಯಲು ಬಿಟ್ಟಿದ್ದ ಕುರಿಗಳನ್ನು ಹೊಡೆದು ತಂದು, ದೊಡ್ಡಿಯಲ್ಲಿ ಕಿವಿಯ ಗುರುತು ನೋಡಿ ತಂತಮ್ಮವನ್ನು ಆರಿಸಿಕೊಳ್ಳುತ್ತಾರೆ. ನೆಂಟರಿಷ್ಟರೆಲ್ಲ ಸೇರುವ ಹಬ್ಬ ಅದು.

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಸಾಸಲು ಕಡೆ ಕುರಿ ಕಾಯುವವರಿಗೆ ಕುದುರೆ ಎಲ್ಲಿಯದು? ಕೋಲು, ಕಂಬಳಿ, ಜೊತೆಗೊಂದು ನಾಯಿ. ಕುದುರೆ ನೋಡಬೇಕೆಂದರೆ ಬೆಳಗಾವಿ ಸೀಮೆಯ ಅಲೆಮಾರಿ ಕುರುಬರ ಬಳಿಗೇ ಹೋಗಬೇಕು. ಅಲ್ಲೂ ಅದು ಪಾತ್ರೆಪಗಡಿ, ಎಳೆಮರಿ ಹೊರುವ ಕುದುರೆ.

ರಾಗಿ ಕೊಯ್ಲಾದ ಹೊಲದಲ್ಲಿ ಮಂದೆ ಹಾಕಿಸುವುದು ನಮ್ಮ ಹಳೆಯ ಪದ್ಧತಿ. ರಾತ್ರಿ ಬಲೆ ಕಟ್ಟಿ ಕುರಿ ಕೂಡುತ್ತಾರೆ. ಮಾರನೆಯ ರಾತ್ರಿ ಬಲೆ ಪಕ್ಕಕ್ಕೆ ಸರಿಯುತ್ತದೆ. ಹೀಗೆ ಹೊಲದ ತುಂಬ ಹಿಕ್ಕೆ, ಗಂಜಲ. ರೈತ ದುಡ್ಡನ್ನೋ ಕಾಳನ್ನೋ ಕೊಡುತ್ತಾನೆ. ಗೊಬ್ಬರ ತಾನೇ ನಡೆದು ಹೊಲಕ್ಕೆ ಬರುವ ಇಂಥ ಜಾಣ ಏರ್ಪಾಡು ಇನ್ನೊಂದು ನನಗೆ ಕಾಣದು. ಸಂಜೆ ಮರಿಗಳನ್ನು ಬಿಟ್ಟಾಗ ನೋಡಬೇಕು! ತಾಯಿಕುರಿ ಮೂಸಿ ನೋಡಿ, ತನ್ನದಲ್ಲದ ಮರಿಯನ್ನು ತಲೆಯಿಂದ ತಳ್ಳಿಬಿಡುತ್ತದೆ.

ಈಗ ತಂತಿಬೇಲಿ, ಬಡಾವಣೆಗಳ ನಡುವೆ ಮಂದೆಗೆ ಉಳಿದಿರುವುದು ಡಾಂಬರು ರಸ್ತೆಯೇ. ಅಲ್ಲಿ ಎದುರಾದರೆ ಹಾರನ್ ಒತ್ತಬೇಡಿ. ಗಾಡಿ ನಿಲ್ಲಿಸಿ, ಕೊನೆಯ ಮರಿಯೂ ದಾಟಲಿ.