ಯಂತ್ರ ಕಟ್ಟುವ ಚಿತ್ರ, ನೋಡುವವರ ಹಸಿವು



ಗೋಕಾಕದ ಆಟಿಕೆಗಳನ್ನು ನೀವೆಲ್ಲ ಕಂಡವರೇ. ಬಣ್ಣ ಬಳಿದ ಆ ಮಾವು, ಬಾಳೆ, ಬದನೆಕಾಯಿಗಳನ್ನು ತಟ್ಟೆಯಲ್ಲಿಟ್ಟರೆ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಆದರೂ ಅದನ್ನು ಯಾರೂ ಮೋಸವೆನ್ನಲಿಲ್ಲ. ಅದು ಆಟಿಕೆಯೆಂದು ಕೊಳ್ಳುವವನಿಗೆ ಗೊತ್ತಿತ್ತು. ಕೃತಕ ಬುದ್ಧಿಮತ್ತೆಯ ವಿಡಿಯೋಗಳನ್ನೂ ನಾನು ಮೊದಲು ಇದೇ ಅಳತೆಗೋಲಿನಿಂದ ಅಳೆಯುತ್ತೇನೆ.

ಅಸಂಖ್ಯ ದೃಶ್ಯಗಳನ್ನೂ ಅವುಗಳ ವಿವರಣೆಗಳನ್ನೂ ಯಂತ್ರಕ್ಕೆ ಉಣಿಸುತ್ತಾರೆ. ನಾವೊಂದು ವಾಕ್ಯ ಬರೆದರೆ ಅದು ಅರ್ಥವಿಲ್ಲದ ಚುಕ್ಕೆಗಳ ರಾಶಿಯಿಂದ ಹೊರಟು, ಹಂತಹಂತವಾಗಿ ಗೊಂದಲ ಕಳೆಯುತ್ತ ಚಿತ್ರವಾಗುತ್ತದೆ. ಅಮೆರಿಕದ ಓಪನ್‌ಎಐ ಸಂಸ್ಥೆ 2024ರ ಫೆಬ್ರವರಿಯಲ್ಲಿ ಒಂದು ನಿಮಿಷದಷ್ಟು ಉದ್ದದ ಇಂಥ ತುಣುಕುಗಳನ್ನು ತೋರಿಸಿತು. ಮರುವರ್ಷವೇ ಕನ್ನಡದಲ್ಲಿ ‘ಲವ್ ಯು’ ಎಂಬ ಪೂರ್ಣ ಚಿತ್ರ ಬಂತು. ತೆರೆಯ ಮೇಲೆ ನಟರಿಲ್ಲ. ಖರ್ಚು ಸುಮಾರು 10 ಲಕ್ಷ ರೂಪಾಯಿ ಎಂದು ಪತ್ರಿಕೆಗಳು ಬರೆದವು.

ಅಗ್ಗವಾಯಿತು, ನಿಜ. ಜನ ನೋಡುತ್ತಾರೆಯೇ? ಇದಕ್ಕೆ ನಮ್ಮ ಪಾರಿಜಾತವನ್ನೇ ಕೇಳಬೇಕು. ಕುಲಗೋಡ ತಮ್ಮಣ್ಣನವರು ಬೆಳೆಸಿದ ಶ್ರೀಕೃಷ್ಣ ಪಾರಿಜಾತದ ಕಥೆ ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಹೊಸದೇನಲ್ಲ. ರುಕ್ಮಿಣಿಗೆ ಹೂ ಸಿಕ್ಕಿತು, ಸತ್ಯಭಾಮೆ ಮುನಿದಳು. ಮುಂದೇನಾಯಿತೆಂದು ಕೇಳುವವರೇ ಇಲ್ಲ. ಆದರೂ ಜನ ಬೆಳತನಕ ಕೂಡುತ್ತಿದ್ದರು. ಕೌಜಲಗಿ ನಿಂಗಮ್ಮನವರಂಥ ಕಲಾವಿದೆ ಈ ರಾತ್ರಿ ಹೇಗೆ ಹಾಡುತ್ತಾರೆ, ಭಾಗವತನ ತಕರಾರಿಗೆ ಗೊಲ್ಲತಿ ಆ ಗಳಿಗೆಯಲ್ಲಿ ಏನು ಜವಾಬು ಕೊಡುತ್ತಾಳೆ – ಅವರ ಹಸಿವು ಅದಕ್ಕೆ.

ಮೊಬೈಲಿನಲ್ಲಿ ಅರೆನಿಮಿಷ ನೋಡಿ ಸರಿಸುವ ಜಾಹೀರಾತು, ನಗೆಹನಿ, ದೇವರ ಚಿತ್ರಗಳ ಹಸಿವು ಬೇರೆ. ಯಾರು ಮಾಡಿದರೆಂದು ಅಲ್ಲಿ ಕೇಳುವವರು ಕಡಿಮೆ. ಯಂತ್ರ ಅಲ್ಲಿ ಗೆಲ್ಲುತ್ತದೆ. ಊರಿನ ಸ್ಟುಡಿಯೋದವರಿಗೆ ಇದರ ಬಿಸಿ ಮೊದಲು ತಟ್ಟೀತು. ಎರಡು ತಾಸಿನ ಚಿತ್ರವನ್ನು ಜನ ಒಮ್ಮೆ ಕುತೂಹಲಕ್ಕೆ ನೋಡಿಯಾರು. ಎರಡನೆಯ ಸಲಕ್ಕೆ ಟಿಕೆಟ್ ಕೊಳ್ಳುವರೆಂಬ ನಂಬಿಕೆ ನನಗಿಲ್ಲ.

ಆಟಿಕೆಯನ್ನು ಹಣ್ಣೆಂದು ಮಾರುವುದು ಇನ್ನೊಂದು ಸಂಗತಿ. 2023ರ ನವೆಂಬರಿನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ದೇಹಕ್ಕೆ ಕೂಡಿಸಿದ ವಿಡಿಯೋ ದೇಶವೆಲ್ಲ ಹರಿದಾಡಿತು. ನೋಡಿದವರಿಗೆ ಇದು ಆಟಿಕೆಯೆಂದು ಯಾರೂ ಹೇಳಿರಲಿಲ್ಲ.

ನಮ್ಮ ಪಾರಿಜಾತದ ಮೇಳಗಳ ಆಟಗಳೂ ಈಗ ಅಂತರಜಾಲದಲ್ಲಿವೆ. ಆ ದನಿ, ಆ ಹಾವಭಾವಗಳನ್ನೇ ಉಂಡ ಯಂತ್ರ ನಾಳೆ ಒಂದು ಪಾರಿಜಾತವನ್ನು ಆಡಿ ತೋರಿಸಿದರೆ, ವೀಳ್ಯದ ದುಡ್ಡನ್ನು ಯಾರ ಕೈಗೆ ಕೊಡೋಣ?