ಗಲ್ಲಿಗೇರಿದವರೂ ಲಾವಣಿಯ ನ್ಯಾಯವೂ



ದಂಡಿಗೆ ಸೇರಿದವನು ಅಪ್ಪಣೆಯಿಲ್ಲದೆ ದಂಡನ್ನು ಬಿಟ್ಟುಹೋದರೆ, ಅಥವಾ ಒಡೆಯನ ಮೇಲೆಯೇ ಆಯುಧವನ್ನೆತ್ತಿದರೆ, ಸೈನ್ಯದ ಶಾಸನವು ಅವನಿಗೆ ಮರಣದಂಡನೆಯನ್ನು ವಿಧಿಸುವುದುಂಟು. ಇದರ ಹಿಂದಿರುವ ಭಾವನೆ ನಮ್ಮವರಿಗೆ ಹೊಸದಲ್ಲ. ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಜನರ ಮಾತು. ಹಳಗನ್ನಡದಲ್ಲಿ ಇದಕ್ಕೆ ಜೋಳವಾಳಿ ಎಂದು ಹೆಸರು. ಅನ್ನವಿಕ್ಕಿದ ಒಡೆಯನ ಋಣವನ್ನು ಪ್ರಾಣಕೊಟ್ಟಾದರೂ ತೀರಿಸುವುದು ಎಂದರ್ಥ. ಹೀಗಿರಲು, ಸರ್ಕಾರವು ದ್ರೋಹಿಗಳೆಂದು ಗಲ್ಲಿಗೇರಿಸಿದವರನ್ನು ಇದೇ ಜನರು ಲಾವಣಿಕಟ್ಟಿ ಹಾಡಿದುದೇಕೆ? ಈ ಪ್ರಶ್ನೆಯನ್ನು ಇಂದು ವಿಚಾರಮಾಡೋಣ.

ಮೊದಲು ಕಲಬುರಗಿಯ ಕಡೆಯ ಒಂದು ಸಂಗತಿಯನ್ನು ನೋಡುವೆವು. ಆಳಂದ ತಾಲ್ಲೂಕಿನ ನಿಂಬರ್ಗಾ ಮೊದಲಾದ ಊರುಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದುವು. ಅಲ್ಲಿಂದ ದಕ್ಷಿಣಕ್ಕೆ, ಭೀಮಾ ಕೃಷ್ಣೆಗಳ ನಡುವೆ, ಬೇಡ ನಾಯಕರ ಸುರಪುರವಿದೆ. 1858ರ ಫೆಬ್ರವರಿಯಲ್ಲಿ ಅಲ್ಲಿಯ ತರುಣ ದೊರೆ ರಾಜಾ ವೆಂಕಟಪ್ಪನಾಯಕನು ಇಂಗ್ಲಿಷರ ದಂಡನ್ನು ಎದುರಿಸಿದನು. ಬಳಿಕ ರಾತ್ರಿಯಲ್ಲಿ ಊರನ್ನು ಬಿಟ್ಟು ಹೈದರಾಬಾದಿಗೆ ಹೋಗಿ ಸೆರೆಸಿಕ್ಕಿದನು. ಅವನಿಗೆ ವಿಧಿಸಿದ ಮರಣದಂಡನೆಯು ಆಮೇಲೆ ಸೆರೆವಾಸಕ್ಕೆ ಇಳಿಯಿತು. ಆದರೆ ಸೆರೆಗೆ ಒಯ್ಯುವ ದಾರಿಯಲ್ಲಿಯೇ ಅವನು ಪಿಸ್ತೂಲಿನ ಗುಂಡಿನಿಂದ ಸತ್ತನು. ಅವನನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ ಒಂದು ವಿಷಯವನ್ನು ಹೇಳಿರುವನು. ತನ್ನನ್ನು ಕಳ್ಳನಂತೆ ನೇಣಿಗೆ ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು ದೊರೆ ಬೇಡಿಕೊಂಡನಂತೆ. ಸಾವಿಗೆ ಹೆದರದವನು ಸಾವಿನ ರೀತಿಗೆ ಹೆದರಿದನು. ಗಲ್ಲೆಂಬುದು ಪ್ರಾಣದೊಡನೆ ಮಾನವನ್ನೂ ತೆಗೆಯುವ ಶಿಕ್ಷೆ. ಹೀಗೆ ತೆಗೆದ ಮಾನವನ್ನು ಮರಳಿ ಕೊಡುವುದೇ ಲಾವಣಿಯ ಕೆಲಸವೆಂದು ನಮಗೆ ತೋರುತ್ತದೆ.

ಕಿತ್ತೂರಿನ ಸೀಮೆಗೆ ಬಂದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಸಂಗೊಳ್ಳಿಯ ರಾಯಣ್ಣನು ಸೇವೆಗಾಗಿ ಹೊಲವನ್ನು ಪಡೆದಿದ್ದ ಶೇತಸನದಿ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಆ ಹೊಲದ ಮೇಲೆ ಕಂಪನಿಯ ಸರ್ಕಾರದ ಕೈ ಬಿದ್ದಿತು. ಅವನು ದಂಗೆಯೆದ್ದನು. 1830ರಲ್ಲಿ ಅವನನ್ನು ಮೋಸದಿಂದ ಹಿಡಿದುಕೊಟ್ಟರು. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಾಯಿತು. ಸರ್ಕಾರದ ಕಾಗದದಲ್ಲಿ ಅವನು ಬಂಡಾಯಗಾರ. ಜನರ ಲೆಕ್ಕ ಬೇರೆ: ಅವನು ಉಂಡದ್ದು ಕಿತ್ತೂರಿನ ಜೋಳ, ತೀರಿಸಿದ್ದು ಕಿತ್ತೂರಿನ ಋಣ, ದ್ರೋಹವೆಂಬ ಮಾತು ಸಲ್ಲುವುದು ಹಿಡಿದುಕೊಟ್ಟವರಿಗೆ. ಅವನ ಸಮಾಧಿಯ ಬಳಿಯ ಆಲದ ಮರವನ್ನು ಗೆಳೆಯನೊಬ್ಬನು ನೆಟ್ಟನೆಂದು ಐತಿಹ್ಯ. ಮಕ್ಕಳನ್ನು ಬೇಡುವ ಹೆಂಗಸರು ಅಲ್ಲಿ ತೊಟ್ಟಿಲನ್ನು ಕಟ್ಟುವರು. ನೇಣಿನ ಹಗ್ಗವನ್ನು ಕಂಡ ನೆಲದಲ್ಲಿ ಜನರು ತೊಟ್ಟಿಲಿನ ಹಗ್ಗವನ್ನು ಕಟ್ಟಿರುವರು!

ಇನ್ನು ಮುಧೋಳದ ಹತ್ತಿರದ ಹಲಗಲಿ. 1857ರಲ್ಲಿ ಜನರು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾಯಿತು. ಬೇಟೆಯಿಂದಲೂ ಕಾವಲಿನಿಂದಲೂ ಬದುಕುವ ಬೇಡರಿಗೆ ಆಯುಧವೇ ಅನ್ನ, ಆಯುಧವೇ ಮಾನ. ಅವರು ಕೊಡಲೊಲ್ಲೆವೆಂದರು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಗೂ, 14ರಂದು ಹಲಗಲಿಯಲ್ಲಿಯೇ 6 ಮಂದಿಗೂ ಗಲ್ಲಾಯಿತು. ದಫ್ತರವು ನಮಗೆ ಈ ಸಂಖ್ಯೆಗಳನ್ನು ಕೊಟ್ಟಿದೆ. ಲಾವಣಿಯಾದರೋ ಹನುಮ, ಬಾಲ, ಜಡಗ, ರಾಮರೆಂಬ ಹೆಸರುಗಳನ್ನು ಕೊಟ್ಟಿದೆ. ಅಷ್ಟೇ ಅಲ್ಲ, ದಂಡು ಕೊಳ್ಳೆಹೊಡೆದ ಒಡವೆಗಳ ಪಟ್ಟಿಯನ್ನೂ ಹೇಳುತ್ತದೆ. ಆ ಪಟ್ಟಿಯಲ್ಲಿ ಬೀಸುಕಲ್ಲೂ ಇದೆ, ಮನೆಯ ಹಾಲುಮೊಸರೂ ಇದೆ, ತಾಳಿಯೂ ಇದೆ. ಬೀಸುಕಲ್ಲು ಹೋದ ಮನೆಯಲ್ಲಿ ಮರುದಿನ ಹಿಟ್ಟಿಲ್ಲ. ತಾಳಿ ಹೋದ ಮನೆಯ ದುಃಖವನ್ನು ವಿವರಿಸಬೇಕಾಗಿಲ್ಲ. ಇದನ್ನು ಯಾವ ಸೇನಾಧಿಪತಿಯ ವರದಿಯೂ ಬರೆಯುವುದಿಲ್ಲ.

ಆದರೆ ಲಾವಣಿಯ ನ್ಯಾಯವು ಪೂರ್ಣವಾದ ನ್ಯಾಯವೆಂದು ನಾವು ಹೇಳಲಾರೆವು. ಅದೇ 1857ರ ಜುಲೈ 31ರಂದು ಕೊಲ್ಲಾಪುರದಲ್ಲಿ ಮುಂಬಯಿ ಸೈನ್ಯದ 27ನೆಯ ದೇಶೀಯ ಪದಾತಿದಳದ ಸಿಪಾಯಿಗಳು ಎದ್ದು, ದಂಡನ್ನು ಬಿಟ್ಟುಹೋದರು. ಸಿಕ್ಕಿದವರಲ್ಲಿ ಅನೇಕರಿಗೆ ಮರಣದಂಡನೆಯಾಯಿತು. ಶಾಸನದ ಅರ್ಥದಲ್ಲಿ ದಂಡನ್ನು ಬಿಟ್ಟವರೆಂದರೆ ಇವರೇ. ಆದರೆ ನಮ್ಮ ಗೀಗೀ ಮೇಳಗಳ ಡಪ್ಪು ತುಂತುಣಿಗಳ ನಡುವೆ ಇವರ ಹೆಸರುಗಳನ್ನು ನಾವು ಕೇಳಿದುದಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ರಾಯಣ್ಣನಿಗೆ ಸಂಗೊಳ್ಳಿಯಿತ್ತು, ಜಡಗನಿಗೆ ಹಲಗಲಿಯಿತ್ತು. ಪಾಳೆಯದಲ್ಲಿದ್ದ ಸಿಪಾಯಿಯ ಊರು ಎಲ್ಲಿಯೋ. ಅವನು ಸತ್ತ ನೆಲದಲ್ಲಿ ಅವನ ಅಳುವನ್ನು ಅಳುವವರಿಲ್ಲ. ಹಾಡು ಹುಟ್ಟುವುದು ಪರಾಕ್ರಮದಿಂದ ಮಾತ್ರವಲ್ಲ, ಹಿಂದೆ ಉಳಿದ ಮನೆಯಿಂದ.

ಈ ಲಾವಣಿಗಳನ್ನು ಮೊದಲು ಬರೆಸಿಕೊಂಡು, 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದವನು ಗಲ್ಲುಹಾಕಿದ ಸರ್ಕಾರದ ಅಧಿಕಾರಿಯೇ ಆದ ಫ್ಲೀಟ್ ಸಾಹೇಬನು. ಸೋತವರ ಹಾಡನ್ನು ಗೆದ್ದವರ ಪಕ್ಷದ ಪಂಡಿತನು ಉಳಿಸಿದುದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ಅವನು ಬರೆದಿಟ್ಟುದು ಕೆಲವೇ ಹಾಡುಗಳು. ಉಳಿದುವು ಹಾಡುವವರ ಬಾಯಲ್ಲಿದ್ದು, ಅವರೊಡನೆ ಹೋಗುವುವು.

ಆದುದರಿಂದ ವಿದ್ಯಾವಂತರಾದ ನಮ್ಮಲ್ಲಿ ಒಂದು ಬಿನ್ನಹ. ತಾರೀಖಿಗಾಗಿ ದಫ್ತರವನ್ನು ನೋಡೋಣ. ಲಾವಣಿಕಾರನಿಂದ ತಾರೀಖನ್ನು ಬಯಸುವುದು ಬೇಡ. ಆದರೆ ಗಲ್ಲಿಗೇರಿದವನು ಯಾರ ಋಣವನ್ನು ತೀರಿಸಿದನು, ಅವನ ಮನೆಯಲ್ಲಿ ಏನು ಉಳಿಯಿತು ಎಂದು ತಿಳಿಯಬೇಕಾದರೆ ಹಾಡುವವನ ಮುಂದೆ ಕುಳಿತುಕೊಳ್ಳಬೇಕು. ಊರಿಗೆ ಹೋದಾಗ ಅಂಥವನೊಬ್ಬನು ಸಿಕ್ಕಿದರೆ, ಅವನ ಹಾಡನ್ನು ಕೊನೆಯವರೆಗೂ ಕೇಳಿ ಬರೆದಿಟ್ಟುಕೊಳ್ಳಿರಿ.